ಬಿಸಿಲಿಗೆ ಹಿಡಿದು ನೋಡಿದ ಬಣ್ಣ

ನನ್ನ ಸೋದರಮಾವ ಜಮಖಂಡಿಯಿಂದ ಬನಹಟ್ಟಿಗೆ ಬಂದನೆಂದರೆ ನಾನು ಮೊದಲು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಹೆಗಲಿನ ಚೀಲವನ್ನು. ಅವನು ಅಲ್ಲಿ ಶಾಲಾ ಮಾಸ್ತರ. ಬೇರೆಯವರ ಮಾವಂದಿರು ಪೇಡೆ ತಂದರೆ ನಮ್ಮವನು ಪುಸ್ತಕ ತರುತ್ತಿದ್ದ. ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದಿದ್ದ ಹೊಸತು. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿ ಕಂಡಿಕೆ ಸುತ್ತುತ್ತ ಕೂತಿದ್ದೆ. ಮಗ್ಗದ ಲಾಳಿಗೆ ಹಾಕುವ ಆ ನೂಲಿನ ಕಂಡಿಕೆಗಳನ್ನು ಸುತ್ತಿ ಸುತ್ತಿ ನನ್ನ ತಲೆಯೂ ರಾಟಿಯ ಹಾಗೆ ಗಿರಗಿರ ತಿರುಗುತ್ತಿತ್ತು. ಓದಲು ಏನು ಸಿಕ್ಕರೂ ಸರಿ, ಕಿರಾಣಿ ಪೊಟ್ಟಣದ ಕಾಗದವನ್ನೂ ಬಿಡುತ್ತಿರಲಿಲ್ಲ.

ಆ ಸಲ ಮಾಮಾ ತಂದ ಪುಸ್ತಕಕ್ಕೆ ರಟ್ಟೂ ಇರಲಿಲ್ಲ, ಮೊದಲಿನ ಪುಟಗಳೂ ಇರಲಿಲ್ಲ. ಬರೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. "ಮನಷ್ಯಾರ ಬಣ್ಣದ ಬಗ್ಗೆ ಬರದಾರ. ನಿನಗ ಸೇರತೈತಿ ಓದು" ಎಂದ. ನನ್ನ ಮುಖ ಕೆಂಪಾಯಿತು ಎನ್ನಬಹುದಿತ್ತು, ಆದರೆ ನನ್ನ ಮುಖ ಕೆಂಪಾದರೆ ಯಾರಿಗೂ ಕಾಣುವುದಿಲ್ಲ.

ಹೇಳಿಯೇಬಿಡುತ್ತೇನೆ, ನಾನು ಕಪ್ಪು. ಎಣ್ಣೆಗಪ್ಪು, ಕೃಷ್ಣವರ್ಣ ಎಂದು ಸುತ್ತಿ ಬಳಸಿ ಸಮಾಧಾನ ಹೇಳುವಂಥ ಕಪ್ಪಲ್ಲ, ನೇರ ಕಪ್ಪು. ಅವ್ವ ಬೆಳ್ಳಗೆ ನಿಂಬೆಹಣ್ಣಿನಂತಿದ್ದಳು, ಅಪ್ಪ ಗೋದಿ ಬಣ್ಣ. ಹಾಗಾದರೆ ನಾನು ಎಲ್ಲಿಂದ ಬಂದೆ? ಅಪ್ಪನ ತಾಯಿ, ನಮ್ಮ ಆಯಿ, ಇದಕ್ಕೆ ಉತ್ತರ ಸಿದ್ಧ ಇಟ್ಟುಕೊಂಡಿದ್ದಳು. ನಮ್ಮ ಮಗ್ಗದಲ್ಲಿ ಹೆಚ್ಚಾಗಿ ನೇಯುತ್ತಿದ್ದದ್ದು ಚಂದ್ರಕಾಳಿ, ಅಂದರೆ ಕೆಂಪು ಅಂಚಿನ ಅಪ್ಪಟ ಕರಿ ಸೀರೆ. ನೇಯುವಾಗ ತಪ್ಪು ಬಿದ್ದು ಮಾರಾಟಕ್ಕೆ ಹೋಗದ ಒಂದು ಚಂದ್ರಕಾಳಿಯನ್ನು ಅವ್ವ ಬಸುರಿಯಿದ್ದಾಗ ಉಟ್ಟಿದ್ದಳಂತೆ. ಕದ್ದು ನೇರಳೆಹಣ್ಣು ಬೇರೆ ತಿಂದಿದ್ದಳಂತೆ.

"ಹೊಟ್ಟ್ಯಾಗ ಕೂಸ ಇದ್ದಾಗ ಕರಿ ಸೀರಿ ಉಡಬ್ಯಾಡ ಅಂತ ಬಡಕೊಂಡ್ನಿ, ಕೇಳಲಿಲ್ಲ. ಈಗ ನೋಡ್ರಿ" ಎಂದು ಆಯಿ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದಳು. ಅವ್ವ ಒಂದು ದಿನವೂ ಎದುರಾಡಿದವಳಲ್ಲ. ಹಬ್ಬ ಹುಣ್ಣಿಮೆಗೆ ನನ್ನನ್ನು ಬಚ್ಚಲಲ್ಲಿ ಕೂರಿಸಿ ಕಡಲೆಹಿಟ್ಟು, ಕೆನೆ ಹಚ್ಚಿ ಚರ್ಮ ಉರಿಯುವ ತನಕ ತಿಕ್ಕುತ್ತಿದ್ದಳು. ನನಗೆ ಒಳ್ಳೆಯ ಮನೆ ಸಿಕ್ಕಿತೆಂದರೆ ತನ್ನ ತಲೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದು ಅವಳ ಲೆಕ್ಕ. ಸಿಗದಿದ್ದರೆ ಅದೂ ಅವಳದೇ ತಪ್ಪು.

ಅಂಥ ಮನೆಗೆ ಈ ಪುಸ್ತಕ ಬಂತು. ಅಬ್ಬಾ, ಏನು ಪುಸ್ತಕ ಅದು! ನಾನು ಅದನ್ನು ಓದಲಿಲ್ಲ, ನುಂಗಿದೆ. ಒಂದು ಕಾಲಕ್ಕೆ ದೊಡ್ಡ ದೊಡ್ಡ ಪಂಡಿತರು ಜಗತ್ತಿನ ಮನುಷ್ಯರನ್ನೆಲ್ಲ ಬಣ್ಣ ನೋಡಿ ಮೇಲೆ ಕೆಳಗೆ ಎಂದು ಮೆಟ್ಟಿಲ ಮೇಲೆ ಕೂರಿಸಿದ್ದರಂತೆ. ತಲೆಬುರುಡೆ ಅಳೆದು, ಬಿಳಿಯರದು ದೊಡ್ಡದು, ಅದಕ್ಕೇ ಅವರಿಗೆ ಬುದ್ಧಿ ಜಾಸ್ತಿ ಎಂದಿದ್ದರಂತೆ. ಅದೆಲ್ಲ ಶುದ್ಧ ಸುಳ್ಳು ಎಂದು ಪುಸ್ತಕ ಪುಟಪುಟಕ್ಕೂ ಜಗಳ ತೆಗೆದಿತ್ತು. ಜಗಳ ನನಗೆ ಮೊದಲಿನಿಂದಲೂ ಪ್ರೀತಿ. ಓದಿ ಸುಮ್ಮನಿರಲಾಗಲಿಲ್ಲ. ಒಂದು ಎಳೆ ನೂಲು ಹಿಡಿದು ಓಣಿಯಲ್ಲೆಲ್ಲ ತಲೆ ಅಳೆಯುತ್ತ ಹೊರಟೆ. ಅಪ್ಪನದು ಅಳೆದೆ, ಮಾಮಾನದು ಅಳೆದೆ, ಮಲಗಿದ್ದ ಆಯಿಯದನ್ನೂ ಬಿಡಲಿಲ್ಲ. ಎಲ್ಲರಿಗಿಂತ ದೊಡ್ಡ ತಲೆ ಯಾರದು ಗೊತ್ತೆ? ದಿನವೂ ತನ್ನ ಮನೆ ಎಂದು ತಪ್ಪಿ ನಮ್ಮ ಮನೆಗೆ ನುಗ್ಗುತ್ತಿದ್ದ ಪಕ್ಕದ ಮನೆಯ ಮರೆಗುಳಿ ಕಾಕಾನದು! ಮಾಮಾ ನಕ್ಕು ನಕ್ಕು ಕಟ್ಟೆಯ ಮೇಲೆ ಉರುಳಾಡಿದ.

ಮಧ್ಯಾಹ್ನ ಮಗ್ಗ ನಿಂತಾಗ ಓಣಿಯ ಹೆಂಗಸರು ರಾಟಿ ಹಿಡಿದು ನಮ್ಮ ಪಡಸಾಲೆಗೆ ಬರುತ್ತಿದ್ದರು. ಅವರಿಗೆ ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಒಂದು ದೇಶದಲ್ಲಿ ಕರಿಯರಿಗೆ ಬೇರೆ ನಳ, ಬಿಳಿಯರಿಗೆ ಬೇರೆ ನಳ. ಬಿಳಿಯರ ನೀರನ್ನು ಕರಿಯರು ಮುಟ್ಟುವ ಹಾಗಿಲ್ಲ ಎಂಬಲ್ಲಿಗೆ ಬಂದಾಗ, ಕೇಳಿದವರೆಲ್ಲ ಬೆಚ್ಚಿ ಬೀಳುತ್ತಾರೆ ಎಂದು ಕಾದೆ. ಯಾರೂ ಬೀಳಲಿಲ್ಲ. ಆಯಿ ಕಣ್ಣರಳಿಸಿ, "ಅಯ್ಯ, ಅಲ್ಲೂ ಹಂಗ ಐತೇನು? ನಾ ನಮ್ಮಲ್ಲಷ್ಟ ಅಂತ ತಿಳದಿದ್ನಿ" ಎಂದಳು. ಅವಳ ದನಿಯಲ್ಲಿ ದೂರದ ಊರಿನಲ್ಲಿ ನೆಂಟರು ಸಿಕ್ಕಿದ ಸಂತೋಷವಿತ್ತು. ನಮ್ಮ ಬಾವಿಕಟ್ಟೆಯಿಂದ ದೂರ ನಿಂತು, ಯಾರಾದರೂ ನೀರು ಸುರಿಯಲಿ ಎಂದು ಕಾಯುವವರು ಅವತ್ತೂ ಅಲ್ಲೇ ಇದ್ದರು, ಪಡಸಾಲೆಯಿಂದ ಕಾಣುತ್ತಿದ್ದರು. ನಾನು ಆಯಿಗೆ ಅದನ್ನು ತೋರಿಸಿದೆ. "ಅದು ಬ್ಯಾರೆ" ಎಂದಳು. ಹೇಗೆ ಬೇರೆ ಎಂದು ಕೇಳಿದ್ದಕ್ಕೆ, ಬಹಳ ಓದಿದರೆ ಹೀಗೇ ಆಗುತ್ತದೆ ಎಂದು ಎದ್ದು ಹೋದಳು.

ಪುಸ್ತಕದಲ್ಲಿ ನನ್ನನ್ನು ಕುಣಿಸಿದ ಇನ್ನೊಂದು ಪುಟವಿತ್ತು. ನಮ್ಮ ಕಣ್ಣು ಇದ್ದದ್ದನ್ನು ಇದ್ದ ಹಾಗೆ ನೋಡುವುದಿಲ್ಲ, ಪಕ್ಕದಲ್ಲಿ ಏನಿದೆಯೋ ಅದರ ಜೊತೆ ಹೋಲಿಸಿ ನೋಡುತ್ತದೆ. ಒಂದೇ ಬಣ್ಣ ಕಪ್ಪಿನ ಮಗ್ಗುಲಿಗೆ ತಿಳಿಯಾಗಿ, ಬಿಳಿಯ ಮಗ್ಗುಲಿಗೆ ಗಾಢವಾಗಿ ಕಾಣುತ್ತದೆ ಎಂದು ಬರೆದಿತ್ತು. ಓಡಿ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿಯಿಂದ ತಲೆ ಎತ್ತಿ, "ಇದನ್ನ ಹೇಳಾಕ ಪುಸ್ತಕ ಯಾಕ ಬೇಕ ಬೇ?" ಎಂದ. ಖರೆ. ಬಣ್ಣದ ನೂಲಿನ ಲಡಿ ಬಂದಾಗ ನೇಕಾರರು ಯಾರೂ ಅದನ್ನು ಒಳಗೆ ನೋಡುವುದಿಲ್ಲ. ಹೊಸ್ತಿಲು ದಾಟಿ ಬಿಸಿಲಿಗೆ ಹಿಡಿದು, ಹಸಿ ಬಿಳಿ ನೂಲಿನ ಮೇಲೆ ಇಟ್ಟು, ಆಮೇಲೆಯೇ ಹೂಂ ಅನ್ನುವುದು.

ಅಷ್ಟರಲ್ಲಿ ಎರಡು ಸುದ್ದಿ ಒಟ್ಟಿಗೇ ಬಂದವು. ಲೋಕಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ಮುಲ್ಕಿ ಪಾಸಾದ ಹುಡುಗಿಯೊಬ್ಬಳು ಬೇಕಾಗಿದ್ದಾಳೆ, ನಾನು ಅಲ್ಲಿ ತನ್ನ ಪರಿಚಯದವರ ಮನೆಯಲ್ಲಿ ಉಳಿದುಕೊಳ್ಳಬಹುದು ಎಂದು ಮಾಮಾ ಹೇಳಿದ. ಮುಧೋಳದಿಂದ ನನ್ನನ್ನು ನೋಡಲು ಬರುತ್ತಾರೆ ಎಂದು ಅವ್ವ ಹೇಳಿದಳು. ಶಾಲೆಯ ಮಾತು ಕೇಳಿ ನಾನು ನೆಲ ಬಿಟ್ಟು ಎರಡು ಗೇಣು ಮೇಲೇ ಇದ್ದೆ. ಹುಡುಗಿಯರಿಗೆ ಪಾಠ ಹೇಳುವುದು, ನನ್ನನ್ನೂ ಮಂದಿ 'ಅಕ್ಕೋರ' ಎಂದು ಕರೆಯುವುದು! ಅಪ್ಪ ಎರಡಕ್ಕೂ ತಲೆ ಕೆರೆದುಕೊಂಡು, "ನಿಮ್ಮವ್ವ ಹೂಂ ಅಂದ್ರ ಲೋಕಾಪುರಕ್ಕ ಹೋಗು" ಎಂದುಬಿಟ್ಟ. ಅವ್ವ ಹೂಂ ಅನ್ನುವ ಪೈಕಿ ಅಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕನ್ಯಾ ನೋಡುವ ದಿನ ಅವ್ವ ಪೆಟ್ಟಿಗೆಯಿಂದ ಹೊಸ ಚಂದ್ರಕಾಳಿ ತೆಗೆದಳು. ಬಣ್ಣ ಬಣ್ಣದ ಸೀರೆಗಳಿದ್ದರೂ ಇದೇ ಯಾಕೆಂದು ನಾನು ಕೇಳಲಿಲ್ಲ. ಕರಿ ಸೀರೆಯ ಮಗ್ಗುಲಿಗೆ ನನ್ನ ಕೈ ನೋಡಿಕೊಂಡೆ. ಏನು ಹೇಳಲಿ, ನಾನೇ ಬೆರಗಾದೆ! ಗೋದಿ ಬಣ್ಣಕ್ಕೆ ಬಂದಿದ್ದೆ. ಪುಸ್ತಕ ಓದದ ನಮ್ಮ ಅವ್ವ ಪುಸ್ತಕದ ಆ ಪುಟವನ್ನು ನನ್ನ ಮೈಮೇಲೆ ಉಡಿಸಿದ್ದಳು. ಕಿಟಕಿಯ ಅರ್ಧ ಬಾಗಿಲು ಹಾಕಿ, ನೆರಳು ಬೀಳುವ ಮೂಲೆಗೆ ನನ್ನ ಮಣೆ ಇಟ್ಟಳು. ಒಂದೇ ಒಂದು ಸಂಗತಿ ಮರೆತಿದ್ದಳು. ಬಂದವರೂ ನೇಕಾರರೇ.

ವರನ ತಾಯಿ ಅವಲಕ್ಕಿ ತಿಂದು, ಚಾ ಕುಡಿದು, ನನ್ನನ್ನು ಬಹಳ ಹೊತ್ತು ನೋಡಿ ಮುಗುಳ್ನಕ್ಕಳು.

"ಸೀರಿ ಛಲೋ ಉಡಸೀರಿ ಬಿಡ್ರಿ. ಚಂದ್ರಕಾಳಿ ಮಗ್ಗಲಕ ಏನ ಇಟ್ಟರೂ ಬೆಳ್ಳಗ ಕಾಣತೈತಿ" ಎಂದಳು. ಆ ಹೆಂಗಸು ಎದ್ದು ನನ್ನ ಮಣಿಕಟ್ಟು ಹಿಡಿದು, "ಬಾ ತಂಗಿ, ಹೊರಗ ನೋಡೂಣು" ಎಂದು ಹೊಸ್ತಿಲು ದಾಟಿಸಿದಳು. ಅಂಗಳದ ಗೂಟಕ್ಕೆ ನೇತುಹಾಕಿದ್ದ ಬಿಳಿ ನೂಲಿನ ಲಡಿಯ ಮೇಲೆ ನನ್ನ ಕೈ ಇಟ್ಟು, ಮೇಲೆ ಕೆಳಗೆ ತಿರುವಿ, ಬಿಸಿಲಿಗೆ ಹಿಡಿದು ನೋಡಿದಳು. ಮುಂದಿನ ಮನೆಯವರು ಬಾಗಿಲಿಗೆ ಬಂದು ನಿಂತರು. ವರ ಮಹಾಶಯ ಕೋಟು ಹಾಕಿ, ಕನ್ನಡಕ ಹಾಕಿ, ಕಟ್ಟೆಯ ಮೇಲೆ ಕೂತು ತನ್ನ ಚಪ್ಪಲಿ ನೋಡುತ್ತಿದ್ದ.

ನನಗೆ ಅಳು ಬರಬೇಕಿತ್ತು. ಬಂದದ್ದು ಹುರುಪು. ಪುಸ್ತಕದ ಸಾಲುಗಳೆಲ್ಲ ಬಾಯಿಗೆ ಬಂದು ನಿಂತಿದ್ದವು.

"ನೋಡಿದ್ದ ಆತೇನ್ರಿ?" ಎಂದೆ. "ಆಗಿದ್ದರ ನಿಮ್ಮ ಮಗನ್ನೂ ಕರೀರಿ. ಅವರ ಕೈನೂ ಲಡಿ ಮ್ಯಾಲ ಇಡೂಣು. ಆಮ್ಯಾಲ ನಿಮ್ಮದು. ಎಲ್ಲಾರೂ ಒಮ್ಮೆ ಬಿಸಲಿಗೆ ಬರ್ರಿ!"

ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ನನ್ನ ಕೈ ಬಿಟ್ಟು ತನ್ನ ಸೆರಗನ್ನು ಮುಂಗೈ ಮುಚ್ಚುವ ಹಾಗೆ ಎಳೆದುಕೊಂಡಳು. ಆಗಲೇ ನಾನು ನೋಡಿದ್ದು, ಅವಳ ಕೈ ನನ್ನದಕ್ಕಿಂತ ಕಪ್ಪಾಗಿತ್ತು. ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. ಒಳಗೆ ಹೋಗಿ ಅಪ್ಪನಿಗೆ, "ಹುಡುಗಿ ಚುರುಕ ಅದಾಳ. ಬಣ್ಣಾ ನಡೀತೈತಿ ತಗೋರಿ" ಎಂದಳು.

ನಡೀತೈತಿ! ಅಂಚಿನಲ್ಲಿ ಎಳೆ ತಪ್ಪಿದ ಸೀರೆಗೆ ವ್ಯಾಪಾರಿಗಳು ಹಾಗನ್ನುತ್ತಾರೆ. ಅವ್ವ ಮಾತ್ರ ದೇವರ ಮನೆಗೆ ಹೋಗಿ ತುಪ್ಪದ ದೀಪ ಹಚ್ಚಿದಳು. ಹೂಂ ಅಂದವರಿಗೆ ಉತ್ತರ ಕಳಿಸುವುದಷ್ಟೇ ಉಳಿದಿತ್ತು. ನಾನು ಬೇಡ ಎಂದೆ. "ಹೂಂ ಅಂದಾರ ಬೇ! ನಿನಗ ಹೂಂ ಅಂದಾರ!" ಎಂದು ಅವ್ವ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು, ನನಗೆ ಅರ್ಥವಾಗಿಲ್ಲವೇನೋ ಎಂಬಂತೆ. ತನ್ನ ತಾಯಿ ಹೊರಗೆ ನನ್ನ ಕೈ ತಿರುವಿ ತಿರುವಿ ನೋಡುವಾಗ ತಲೆ ಎತ್ತದ ಗಂಡಸಿನ ಜೊತೆ ಬಾಳುವುದು ಹೇಗೆ ಎಂದು ಕೇಳಿದೆ. ಎಲ್ಲ ಗಂಡಸರೂ ಹಾಗೇ ಎಂದಳು. ಅವತ್ತು ಇಬ್ಬರೂ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ರಾಟಿಯ ಮುಂದೆ ಕೂತಿದ್ದಳು. ನಾನು ಪುಸ್ತಕ ಹಿಡಿದು ಎದುರಿಗೆ ಕೂತೆ. ಬೈಯಲಿ, ಎದ್ದು ಹೋಗಲಿ, ಓದಿಯೇ ತೀರುತ್ತೇನೆ ಎಂದು ಹಟ ಹಿಡಿದಿದ್ದೆ. ಬುರುಡೆಯ ಪುಟ ಓದಿದೆ, ಮೆಟ್ಟಿಲ ಪುಟ ಓದಿದೆ. ರಾಟಿ ನಿಲ್ಲಲಿಲ್ಲ. ಚರ್ಮದ ಬಣ್ಣ ಹೇಗೆ ಬರುತ್ತದೆ ಎಂಬಲ್ಲಿಗೆ ಬಂದೆ. ಬಿಸಿಲಿನ ದೇಶಗಳಲ್ಲಿ ತಲೆತಲಾಂತರದಿಂದ ಬಾಳಿದವರಿಗೆ ಬಿಸಿಲೇ ಕೊಟ್ಟ ಬಣ್ಣ ಅದು. ತಂದೆಯ ಕಡೆಯಿಂದ, ತಾಯಿಯ ಕಡೆಯಿಂದ, ಹೆಸರೂ ನೆನಪಿಲ್ಲದ ಹಿರಿಯರಿಂದ ಹರಿದು ಬರುತ್ತದೆ. ಒಮ್ಮೊಮ್ಮೆ ಒಂದೆರಡು ತಲೆಮಾರು ಕಾಣದೆ ಇದ್ದು ಆಮೇಲೆ ತೋರುತ್ತದೆ. ಬಸುರಿಯಿದ್ದಾಗ ತಾಯಿ ಏನು ಮಾಡಿದಳು ಎಂಬುದಕ್ಕೂ ಕೂಸಿನ ಬಣ್ಣಕ್ಕೂ ಸಂಬಂಧವಿಲ್ಲ ಎಂದಿತ್ತು.

ರಾಟಿ ನಿಂತಿತು.

"ಏನ ಅಂದಿ?"

ಮತ್ತೆ ಓದಿದೆ.

"ಏನ ತಿಂದರೂ?" ಎಂದಳು.

"ಏನ ತಿಂದರೂ."

"ಏನ ಉಟ್ಟರೂ?"

"ಏನ ಉಟ್ಟರೂ ಏನೂ ಆಗೂದಿಲ್ಲ ಬೇ."

"ಖರೇನ ಬರದಾರ? ನೀ ನಿನ್ನ ಮನಸಿನ್ಯಾಗಿಂದ ಹೇಳಾಕತ್ತಿಲ್ಲಲ?"

ನಾನು ಆ ಸಾಲಿನ ಮೇಲೆ ಅವಳ ಬೆರಳಿಟ್ಟೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಬೆರಳು ಎತ್ತದೆ ಕೊನೆಯ ತನಕ ಎಳೆದಳು, ಹಿಂದಕ್ಕೆ ತಂದು ಮತ್ತೆ ಎಳೆದಳು. ನನಗೆ ಆಗ ಹೊಳೆಯಿತು, ನಾನು ನನ್ನ ಸಲುವಾಗಿ ಅಂದುಕೊಂಡಿದ್ದ ಜಗಳದಲ್ಲಿ ನನಗಿಂತ ಮೊದಲೇ ಪೆಟ್ಟು ತಿಂದವಳು ಇವಳು.

ಅವ್ವ ಎದ್ದಳು. ಅತ್ತೆಯ ಮುಂದೆ ದನಿ ಎತ್ತದವಳು ಪಡಸಾಲೆಯ ಬಾಗಿಲಲ್ಲಿ ನಿಂತು, ಮಗ್ಗದ ಸದ್ದನ್ನೂ ಮೀರಿಸಿ ಕೂಗಿದಳು.

"ಅತ್ತೀ, ಇಲ್ಲಿ ಬರ್ರಿ! ಕೂಡ್ರಿ ಇಲ್ಲಿ!"

ಅಪ್ಪನ ಮಗ್ಗ ನಿಂತಿತು. ಆಯಿ ಗಾಬರಿಯಾಗಿ ಬಂದು ಗೋಡೆಗೊರಗಿ ಕೂತಳು. ಅವ್ವ ಅವಳ ಎದುರಿಗೇ ನಿಂತಳು, ಸೆರಗು ತಲೆಯಿಂದ ಜಾರಿದ್ದನ್ನು ಸರಿಮಾಡಿಕೊಳ್ಳಲೂ ಇಲ್ಲ.

"ಓದವ್ವಾ," ಎಂದಳು ನನಗೆ, "ಲೋಕಾಪುರದಾಗ ಹುಡಿಗ್ಯಾರಿಗೆ ಹೆಂಗ ಓದಿ ಹೇಳಾಕಿ ಅದಿ, ಹಂಗ ಗಟ್ಟ್ಯಾಗಿ ಓದು. ನಿಮ್ಮ ಆಯಿಗೆ ಕಿವಿ ದೂರ ಅದಾವು."