ಗುಮಾಸ್ತನ ಕಟ್ಟೆಯ ಮೇಲೆ ಶಾವಿಗೆ ಮಣೆ

ಆಗೆಲ್ಲ ಮಾನ್ವಿಯ ನಮ್ಮ ಓಣಿಯಲ್ಲಿ ಯಾರ ಮಗು ಯಾರ ಮನೆಯಲ್ಲಿ ಉಂಡಿತು ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಬೇಸಿಗೆಗಳವು. ಶಾಲೆಗೆ ಸೂಟಿ ಬಿಟ್ಟರೆ ಸಾಕು, ಓಣಿ ತುಂಬ ನಾದಿದ ಹಿಟ್ಟಿನ ವಾಸನೆ. ಆಯಿ, ಅಂದರೆ ನನ್ನ ಅಜ್ಜಿ, ಕಟ್ಟೆಯ ಮೇಲೆ ಶಾವಿಗೆ ಮಣೆ ಹಾಕಿ ಕೂತಳೆಂದರೆ ನೆರೆಮನೆಯ ಹುಸೇನ್‌ಬಿ ಮೊದಲಾದ ಹೆಂಗಸರೆಲ್ಲ ಅಲ್ಲೇ. ಅವರು ಹೊಸೆದ ಎಳೆಗಳನ್ನು ಕೋಲಿನ ಮೇಲೆ ಒಣಹಾಕುವುದು ಮಕ್ಕಳ ಕೆಲಸ. ಕದ್ದು ತಿಂದ ಹಸಿ ಹಿಟ್ಟೇ ನಮ್ಮ ಕೂಲಿ.

ಓಣಿಯ ಕೊನೆಯ ಮನೆಯಲ್ಲಿ ಹತ್ತಿ ಮಿಲ್ಲಿನ ಗುಮಾಸ್ತ ಒಬ್ಬನೇ ಇದ್ದ. ರಾಯಚೂರಿನಿಂದ ಬಂದವನು. ಇಸ್ತ್ರಿ ಮಾಡಿದ ಅಂಗಿ, ಮನೆಯಲ್ಲಿ ರೇಡಿಯೋ, ಕಿಸೆಯಲ್ಲಿ ಪೆಪ್ಪರಮೆಂಟು. ಹಿರಿಯರೂ ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ನನ್ನ ಗೆಳತಿ ಶರಣಿಯ ಅವ್ವ ಅದೇ ಮಿಲ್ಲಿಗೆ ಕೂಲಿಗೆ ಹೋಗುತ್ತಿದ್ದಳು. ಶರಣಿ ಅಪ್ಪನಿಲ್ಲದ ಹುಡುಗಿ. ಹಗಲೆಲ್ಲ ಓಣಿಯೇ ಅವಳ ಮನೆ.

ಒಂದು ಮಧ್ಯಾಹ್ನ ಆಯಿ ಹೊಸ ಶಾವಿಗೆಯ ಪಾಯಸದ ಬಟ್ಟಲನ್ನು ಶರಣಿಯ ಕೈಗಿಟ್ಟು, ಗುಮಾಸ್ತರು ಊಟಕ್ಕೆ ಮನೆಗೆ ಬಂದಿದ್ದಾರೆ, ಕೊಟ್ಟು ಬಾ, ಪಾಪ ಒಂಟಿ ಮನುಷ್ಯ, ಎಂದಳು. ಶರಣಿ ಕದಲಲಿಲ್ಲ. ಸೊಕ್ಕು ಬಂತೇನು ಎಂದು ಹೆಂಗಸರು ನಕ್ಕರು. ಹೋಗಲಿ ಎಂದು ಆಯಿ ಬಟ್ಟಲನ್ನು ನನಗೆ ಕೊಡುವಷ್ಟರಲ್ಲಿ ಶರಣಿ ನನ್ನ ಲಂಗ ಹಿಡಿದುಕೊಂಡಳು.

"ನೀನೂ ಹೋಗಬ್ಯಾಡ. ಅಂವ ಒಳಗಿಂದ ಚಿಲಕ ಹಾಕತಾನ."

ಮಣೆಯ ಮೇಲಿನ ಕೈಗಳೆಲ್ಲ ನಿಂತವು. ಆಯಿ ಹಿಟ್ಟಿನ ಕೈ ತೊಳೆದುಕೊಂಡು ಶರಣಿಯನ್ನು ಒಳಗೆ ಕರೆದೊಯ್ದಳು. ನನ್ನನ್ನು ಹುಸೇನ್‌ಬಿ ಹೊರಗೇ ಹಿಡಿದು ಕೂರಿಸಿದಳು. ನನಗೆ ಏನೂ ಅರ್ಥವಾಗಲಿಲ್ಲ. ಕಿವಿಗೆ ಬಿದ್ದದ್ದು ಆಯಿಯ ಮಾತಷ್ಟೇ: "ನಿಂದೇನೂ ತಪ್ಪಿಲ್ಲ ಬೇ. ಅಳು, ಆದ್ರ ಅಂಜಬ್ಯಾಡ."

ಸಂಜೆ ಶರಣಿಯ ಅವ್ವ ಬಂದಳು. ಪೊಲೀಸರಿಗೆ ಹೇಳೋಣ ಎಂದಳು ಹುಸೇನ್‌ಬಿ. ಆ ತಾಯಿ ಬೇಡವೆಂದು ಕೈಮುಗಿದಳು. ಮಿಲ್ಲಿಗೆ ಯಾರನ್ನು ಕೂಲಿಗೆ ಕರೆಯಬೇಕೆಂದು ಗೊತ್ತು ಮಾಡುವವನೇ ಅವನು. ಮಗಳ ಹೆಸರು ಊರ ಬಾಯಿಗೆ ಬಿದ್ದರೆ ಮುಂದೆ ಯಾರು ಮದುವೆ ಮಾಡಿಕೊಂಡಾರು ಎಂದು ಅತ್ತಳು. ಈಗ ನೆನೆದರೂ ಮೈ ಉರಿಯುತ್ತದೆ. ತಪ್ಪು ಅವನದು, ಹೆಸರು ಕೆಡುವುದು ಇವಳದು.

ಮರುದಿನ ಬೆಳಿಗ್ಗೆ ಆಯಿ ಮಣೆ ಹೊತ್ತು ಹೋಗಿ ಹಾಕಿದ್ದು ಗುಮಾಸ್ತನ ಕಟ್ಟೆಯ ಮೇಲೆ. ಹಿಂದೆ ಓಣಿಯ ಹೆಂಗಸರೆಲ್ಲ. ಬಾಗಿಲು ತೆರೆದವನು ಕಕ್ಕಾಬಿಕ್ಕಿಯಾಗಿ, ಇಲ್ಲೇಕೆ ಎಂದು ಕೇಳಿದ.

"ನಮ್ಮ ಕಟ್ಟಿಗಿ ಬಿಸಲು ಸಾಲವಲ್ದ್ರಿ," ಎಂದಳು ಆಯಿ.

ಮಾನ್ವಿಯಲ್ಲಿ, ಅದೂ ಮೇ ತಿಂಗಳಲ್ಲಿ, ಬಿಸಿಲು ಸಾಲದು ಎಂದವಳು ಅವಳೊಬ್ಬಳೇ ಇರಬೇಕು. ಅವನಿಗೆ ಅರ್ಥವಾಯಿತು. ಬಾಗಿಲಿಗೆ ಬೀಗ ಹಾಕಿ ಮಿಲ್ಲಿಗೆ ಹೋದ.

ಶಾವಿಗೆ ಮುಗಿದ ಮೇಲೆ ಸಂಡಿಗೆ, ಸಂಡಿಗೆ ಮುಗಿದ ಮೇಲೆ ಹಳೆಯ ಸೀರೆಗಳ ಕೌದಿ ಹೊಲಿಗೆ. ಅವನು ಮನೆಯಲ್ಲಿದ್ದಷ್ಟು ಹೊತ್ತು ಕಟ್ಟೆಯ ಮೇಲೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಯಾವ ಮಗುವೂ ಆ ಹೊಸ್ತಿಲು ದಾಟಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಅವನು ದೇವದುರ್ಗದಲ್ಲಿ ಕೆಲಸ ಹಿಡಿದು ಹೊರಟುಹೋದ. ಹುಸೇನ್‌ಬಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಶರಣಿ ಮತ್ತೆ ಕುಂಟಬಿಲ್ಲೆಗೆ ಬಂದಳು. ಆಯಿ ಮಾತ್ರ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

ಈಗ ರಾಯಚೂರಿನ ನನ್ನ ಮನೆಗೆ ಶಾವಿಗೆ ಪೊಟ್ಟಣದಲ್ಲಿ ಬರುತ್ತದೆ. ಎದುರು ಮನೆಯ ಮಗುವಿನ ಹೆಸರೂ ನನಗೆ ಗೊತ್ತಿಲ್ಲ. ಕಾನೂನು ಬಂದಿದೆ, ದೂರು ಕೊಡಬಹುದು, ಒಳ್ಳೆಯದೇ. ಆದರೆ ಮಗುವೊಂದು ಒಲ್ಲೆ ಎಂದರೆ ಕೈಗೆಲಸ ಬಿಟ್ಟು ಏಕೆಂದು ಕೇಳುವ ಹೆಂಗಸರನ್ನು ಎಲ್ಲಿಂದ ತರುವುದು? ಆ ಓಣಿ ನಮ್ಮನ್ನು ಕಾಯಿತು. ಹಾಗೆಂದು ಹೆಮ್ಮೆಪಡಲು ಹೊರಟಾಗಲೆಲ್ಲ ಆಯಿ ಅಡ್ಡ ಬರುತ್ತಾಳೆ. ದೇವದುರ್ಗದಿಂದ ಬಂದವರು ಯಾರೇ ಸಿಕ್ಕರೂ ಸಾಯುವ ತನಕ ಅವಳು ಕೇಳುತ್ತಿದ್ದದ್ದು ಇದನ್ನೇ: "ಅಂವ ಇರೋ ಓಣ್ಯಾಗ ಸಣ್ಣ ಹುಡುಗ್ರು ಅದಾರೇನು?"