ಇಟ್ಟಿಗೆ ಲಾರಿಯ ಟರ್ಬೊ

ನನ್ನ ವ್ಯಾನಿನ ಟರ್ಬೊ ಕೆಟ್ಟಿದ್ದು ಒಂದು ಸಂಕಷ್ಟಿಯ ದಿನ, ಕುರುಡುಮಲೆಯಿಂದ ಮರಳುವಾಗ. ಹಿಂದೆ ನೀಲಿ ಹೊಗೆ, ಮುಂದೆ ತಗಡು ಗೀರಿದಂಥ ಸದ್ದು. ಎಂಜಿನ್ ಆರಿಸಿ ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿದೆ. ಜೊತೆಯಲ್ಲಿದ್ದ ಗೆಳೆಯನನ್ನು ಆಟೊ ಹಿಡಿದು ರಾಯಲ್ಪಾಡಿನ ಅವನ ಮನೆಗೆ ತಲುಪಿಸಬೇಕಾಯಿತು. ಇಳಿಯುವಾಗ ಅವನು, ತನ್ನ ತೆಲುಗು ಬೆರೆತ ಕನ್ನಡದಲ್ಲಿ, "ಗಾಡಿ ಸರಿಯಾದ್ರೆ ಹೇಳ್ರಾ, ಬರ್ತೀನಿ. ಇಲ್ದಿದ್ರೆ ಇಲ್ಲೇ ದೇವ್ರ ಪಟಕ್ಕೆ ಕೈ ಮುಗೀತೀನಿ" ಎಂದ.

ಮುಳಬಾಗಿಲಿನ ಹೈಸ್ಕೂಲಿನಲ್ಲಿ ನಾವು ಐವರು ಒಂದೇ ಬೆಂಚಿನವರು. ಸೈನ್ಯದ ಉಗ್ರಾಣದಲ್ಲಿ ಬಿಡಿಭಾಗಗಳನ್ನು ಕಾಯುವ ಕೆಲಸ ಮುಗಿಸಿ ಊರಿಗೆ ಬಂದ ಮೇಲೆ ಮಾಲೂರಿನ ಒಂದು ಇಟ್ಟಿಗೆ ಕಾರ್ಖಾನೆಯವರಿಂದ ಈ ಡೀಸೆಲ್ ವ್ಯಾನು ಕೊಂಡೆ. ಅಂದಿನಿಂದ ಪ್ರತಿ ಸಂಕಷ್ಟಿಗೆ ಐವರೂ ಕುರುಡುಮಲೆಯ ಗಣೇಶನ ದರ್ಶನಕ್ಕೆ ಹೋಗುವುದು ರೂಢಿಯಾಯಿತು. ನಾನು ಮದುವೆಯಾದವನಲ್ಲ. ಬೆಳಿಗ್ಗೆ ನಡಿಗೆ, ಸ್ನಾನ, ಪತ್ರಿಕೆ, ಅಡುಗೆ, ಸಂಜೆ ಮತ್ತೆ ನಡಿಗೆ: ನನ್ನ ದಿನಗಳು ಅಚ್ಚುಕಟ್ಟಾಗಿವೆ, ಆದರೆ ಅವುಗಳಲ್ಲಿ ಇನ್ನೊಬ್ಬರ ದನಿ ಇರುವುದು ತಿಂಗಳಿಗೆ ಆ ಒಂದು ದಿನ ಮಾತ್ರ. ಐವರಲ್ಲಿ ಮೂವರು ತೀರಿಕೊಂಡರು. ರಾಯಲ್ಪಾಡಿನ ಗೆಳೆಯನಿಗೆ ಮಂಡಿ ಬಗ್ಗುವುದಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲಾರ. ವ್ಯಾನು ಮನೆ ಬಾಗಿಲಿಗೆ ಹೋದರೆ ಮಾತ್ರ ಅವನು ಬರುತ್ತಾನೆ. ಹೀಗಾಗಿ ವ್ಯಾನು ಮುಂದಿನ ಸಂಕಷ್ಟಿಯೊಳಗೆ ಸಿದ್ಧವಾಗಲೇಬೇಕಿತ್ತು.

ಮುಳಬಾಗಿಲಿನ ಮೆಕ್ಯಾನಿಕ್ ಬಾನೆಟ್ ಎತ್ತಿ, ಗಾಳಿಯ ಪೈಪು ಬಿಚ್ಚಿ, ಒಳಗಿನ ಚಕ್ರವನ್ನು ಬೆರಳಿನಿಂದ ಅಲುಗಿಸಿದ. ಅದು ಸಡಿಲ ಹಲ್ಲಿನಂತೆ ಅತ್ತಿತ್ತ ಆಡಿತು. ಅಂಚು ಗೋಡೆಗೆ ಉಜ್ಜಿ ಸವೆದಿತ್ತು. ಪೈಪಿನ ತುಂಬ ಎಣ್ಣೆ.

"ಹೋಯ್ತು ಸಾರ್ ಇದು. ಗಾಡೀಲಿ ಎಷ್ಟ್ ಜನ ಓಡಾಡ್ತೀರ ಈವಾಗ?"

"ಇಬ್ಬರು."

"ಇಬ್ರಿಗೆ ಯಾಕೆ ಸಾರ್ ಟರ್ಬೊ? ತೆಗ್ದು, ತಗಡು ಹೊಡ್ದು ಮುಚ್ಬಿಡ್ತೀನಿ. ಹಂಗೇ ಓಡ್ತೈತೆ."

"ಏರು ಹತ್ತುತ್ತಾ?"

"ಹತ್ತತೈತೆ, ನಿಧಾನಕ್ಕೆ. ನೀವೇನ್ ರೇಸಿಗೆ ಹೋಗ್ಬೇಕಾ?"

ಬೇಡ ಕಣಪ್ಪ, ಬಿಚ್ಚಿ ಕೊಡು ಎಂದೆ. ಕೆಟ್ಟದ್ದನ್ನು ಮುಚ್ಚಿಡುವುದು ರಿಪೇರಿಯಲ್ಲ. ಅಲ್ಲದೆ, ಇಬ್ಬರಿಗೆ ಯಾಕೆ ಎಂಬ ಮಾತು ನನಗೆ ಹಿಡಿಸಲಿಲ್ಲ.

ಟರ್ಬೊವನ್ನು ಮನೆಗೆ ತಂದು ಹಳೆಯ ಪತ್ರಿಕೆಯ ಮೇಲೆ ಇಟ್ಟುಕೊಂಡು ಕುಳಿತೆ. ನೋಡಲು ಎರಡು ಬಸವನಹುಳುಗಳು ಬೆನ್ನಿಗೆ ಬೆನ್ನು ಹಚ್ಚಿ ಕುಳಿತಂತಿರುತ್ತದೆ. ಎಂಜಿನ್ ಉಗುಳುವ ಹೊಗೆ ಒಂದರೊಳಗಿನ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಹೊಸದನ್ನು ತರಬೇಕಾದರೆ ಹಳೆಯದು ಯಾವುದೆಂದು ಗೊತ್ತಿರಬೇಕು. ನಂಬರು ಕೆತ್ತಿದ ಅದರ ಗುರುತಿನ ತಗಡುಪಟ್ಟಿ ಎಲ್ಲೂ ಕಾಣಲಿಲ್ಲ. ಆಯುಧಪೂಜೆಗೆಂದು ವರ್ಷವರ್ಷವೂ ಎಂಜಿನ್ನಿಗೆ ಬಳಿಸಿದ ಬೆಳ್ಳಿ ಬಣ್ಣದ ಪದರಗಳ ಕೆಳಗೆ ಅದು ಹೂತುಹೋಗಿತ್ತು. ಥಿನ್ನರಿನಲ್ಲಿ ಬಟ್ಟೆ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಿಧಾನವಾಗಿ ಉಜ್ಜಿದೆ. ಅಕ್ಷರಗಳು ಒಂದೊಂದಾಗಿ ಎದ್ದವು. ಕೊನೆಯ ಕೆಲವು ಸವೆದುಹೋಗಿದ್ದವು. ಅವು ಇಲ್ಲದ ಕಾರಣ ಚಕ್ರದ ಅಗಲ, ಬೋಲ್ಟುಗಳ ನಡುವಿನ ದೂರ, ಎಣ್ಣೆ ಒಳಬರುವ ಮತ್ತು ಹೊರಹೋಗುವ ತೂತುಗಳ ದಿಕ್ಕು, ಎಲ್ಲವನ್ನೂ ಅಳೆದು ಚಿತ್ರ ಬರೆದುಕೊಂಡೆ. ಉಗ್ರಾಣದಲ್ಲಿ 'ಸುಮಾರಾಗಿ' ಎಂದರೆ ನಮ್ಮ ಸುಬೇದಾರರು ವಸ್ತುವನ್ನು ವಾಪಸು ಕಳಿಸುತ್ತಿದ್ದರು.

ಅಳೆಯುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಟರ್ಬೊ ಎಂಜಿನ್ನಿಗೆ ಕೂರುವ ಜಾಗದಲ್ಲಿ ಒಂದು ದಪ್ಪ ಕಬ್ಬಿಣದ ತಟ್ಟೆ ಇತ್ತು. ಒಂದು ಮುಖಕ್ಕೆ ಮೂರು ತೂತು, ಇನ್ನೊಂದಕ್ಕೆ ನಾಲ್ಕು. ಅಂಚಿನಲ್ಲಿ ಗ್ಯಾಸ್ ಕಟಿಂಗಿನ ಒರಟು ಗುರುತು. ಕಂಪನಿಯಲ್ಲಿ ಹೀಗೆ ಮಾಡುವುದಿಲ್ಲ.

ಮರುದಿನ ಕೋಲಾರಕ್ಕೆ ಬಸ್ಸಿನಲ್ಲಿ ಹೋದೆ. ಚೀಲದಲ್ಲಿ ಟರ್ಬೊ, ಜೇಬಿನಲ್ಲಿ ಚಿತ್ರ. ಬಿಡಿಭಾಗಗಳ ಅಂಗಡಿಯವನು ಟರ್ಬೊದ ಪಟ್ಟಿ ನೋಡಿದ, ಪುಸ್ತಕ ತಿರುವಿದ, ಮತ್ತೆ ಪಟ್ಟಿ ನೋಡಿದ.

"ಸಾರ್, ಗಾಡಿ ಯಾವ್ದು ಅಂದ್ರಿ?"

ಹೇಳಿದೆ.

"ಇದು ಆ ಗಾಡೀದಲ್ಲ. ಲಾರೀದು. ಯಾರೋ ಲಾರಿಯಿಂದ ಬಿಚ್ಚಿ, ನಡುವೆ ತಟ್ಟೆ ಕೊಟ್ಟು ಕೂರ್ಸಿದಾರೆ. ಮೊದ್ಲಿಂದ ಎಳೆಯೋಕೆ ಲೇಟಾಗ್ತಿತ್ತಲ್ವಾ?"

ಮಾಲೂರಿನ ಇಟ್ಟಿಗೆ ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಲಾರಿಗಳು ಕಣ್ಣ ಮುಂದೆ ಬಂದವು. ದೊಡ್ಡ ಎಂಜಿನ್ನಿನ ಟರ್ಬೊವನ್ನು ಸಣ್ಣ ಎಂಜಿನ್ನಿಗೆ ಹಾಕಿದರೆ ಅದರ ಚಕ್ರ ಎದ್ದು ತಿರುಗುವಷ್ಟು ಹೊಗೆ ಬೇಗ ಸಿಗುವುದಿಲ್ಲ. ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿದರೂ ಗಾಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಪ್ಪು ಹೊಗೆ ಬಿಟ್ಟು, ಆಮೇಲೆ ಒಮ್ಮೆಲೇ ಎಳೆಯುತ್ತದೆ. ನಮ್ಮ ವ್ಯಾನು ಇಷ್ಟು ಕಾಲವೂ ಮಾಡಿದ್ದು ಅದನ್ನೇ.

ಪ್ರತಿ ಏರಿನಲ್ಲೂ ನಮ್ಮ ಐವರಲ್ಲಿ ದರ್ಜಿಯಾಗಿದ್ದವನು, "ಸುಮ್ನಿರ್ರೋ, ಗಾಡಿ ಯೋಚ್ನೆ ಮಾಡ್ತೈತೆ" ಎನ್ನುತ್ತಿದ್ದ. ನಾನು ಸಿಟ್ಟಾದರೆ ಇನ್ನೂ ಹುರುಪು. "ಲೇ, ಇದು ಬೇರೆ ಯಾರ್ದೋ ಅಳತೆಗೆ ಹೊಲ್ದಿರೋ ಇಂಜಿನ್ ಕಣೋ. ಭುಜದ ಹತ್ರ ಲೂಸು, ಹೊಟ್ಟೆ ಹತ್ರ ಟೈಟು." ಉಳಿದವರು ಸೀಟು ತಟ್ಟಿ ನಗುತ್ತಿದ್ದರು. ಗಾಡಿ ಸರಿಯಾಗಿದೆ, ನೀವೇ ಭಾರ ಎಂದು ನಾನು ವಾದಿಸುತ್ತಿದ್ದೆ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅಂಗಡಿಯ ಸ್ಟೂಲಿನ ಮೇಲೆ ಕುಳಿತು ನಕ್ಕೆ. ಅಂಗಡಿಯವನೂ ಮರ್ಯಾದೆಗೆ ನಕ್ಕ, ಯಾಕೆಂದು ಗೊತ್ತಿಲ್ಲದೆ. ದರ್ಜಿ ಕಳೆದ ವರ್ಷ ತೀರಿಕೊಂಡಿದ್ದ. ಇಷ್ಟು ಒಳ್ಳೆಯ ಸುದ್ದಿಯನ್ನು ಕೇಳಿ ಕುಣಿಯಬೇಕಾದವನೇ ಇರಲಿಲ್ಲ.

"ಲಾರೀದೇ ರಿಪೇರಿ ಮಾಡಿರೋದು ಒಂದೈತೆ, ಇವತ್ತೇ ತಗೊಂಡ್ ಹೋಗ್ಬೋದು. ನಿಮ್ ಗಾಡಿಯ ಸರಿಯಾದ್ದು ಬೆಂಗ್ಳೂರಿಂದ ತರಿಸ್ಬೇಕು" ಎಂದ ಅಂಗಡಿಯವನು. "ಎಷ್ಟ್ ಜನ ಕೂತ್ಕೊಳ್ತೀರ? ಲೋಡು ಏನಾದ್ರೂ?"

"ಐದು ಜನ" ಎಂದುಬಿಟ್ಟೆ. ಮತ್ತೆ ತಿದ್ದಿದೆ: "ಇಬ್ಬರು. ಲೋಡಿಲ್ಲ."

"ಹಂಗಾದ್ರೆ ಸಣ್ಣದೇ ಸರಿ ಸಾರ್. ಕಾಲಿಟ್ಟ ತಕ್ಷಣ ಗಾಳಿ ಕೊಡ್ತೈತೆ."

ಸ್ವಲ್ಪ ಹೊತ್ತು ಲಾರಿಯದನ್ನು ಕೈಯಲ್ಲಿ ಹಿಡಿದು ನೋಡಿದೆ. ಅದನ್ನು ಹಾಕಿದರೆ ವ್ಯಾನು ನಮ್ಮ ಹಳೆಯ ವ್ಯಾನೇ ಆಗಿರುತ್ತಿತ್ತು. ಆದರೆ ತಪ್ಪು ಭಾಗವೆಂದು ತಿಳಿದ ಮೇಲೆ ಅದನ್ನೇ ಮತ್ತೆ ಕೂರಿಸುವುದು ನನ್ನಿಂದ ಆಗದು. ಸರಿಯಾದದ್ದನ್ನು ತರಿಸಲು ಹೇಳಿದೆ. ಎಣ್ಣೆ ಹೋಗುವ ಕಿರುಪೈಪು ಮಸಿ ಕಟ್ಟಿದ್ದರಿಂದಲೇ ಹಳೆಯದು ಸತ್ತಿದ್ದು. ಅದನ್ನೂ ಹೊಸದು ಕೊಂಡೆ.

ಸಂಕಷ್ಟಿಗೆ ಮುನ್ನವೇ ಜೋಡಣೆ ಮುಗಿಯಿತು. ಮೆಕ್ಯಾನಿಕ್ ಆ ಕಬ್ಬಿಣದ ತಟ್ಟೆಯನ್ನು ಗುಜರಿ ಡಬ್ಬಕ್ಕೆ ಎಸೆದ. ಸ್ಟಾರ್ಟ್ ಮಾಡುವ ಮುನ್ನ ಟರ್ಬೊದೊಳಗೆ ಎಣ್ಣೆ ತುಂಬಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡಿದೆ. ಬೆಣ್ಣೆಯಂತೆ ತಿರುಗಿತು.

ಸಂಕಷ್ಟಿಯ ದಿನ ರಾಯಲ್ಪಾಡಿಗೆ ಹೋದೆ. ಗೆಳೆಯ ಕೋಲೂರಿಕೊಂಡು ಬಂದು ಹಿಂದಿನ ಬಾಗಿಲು ತೆಗೆದ. ಮುಂದೆ ಬಾ ಎಂದೆ. "ನನ್ ಜಾಗ ಹಿಂದೇನೇ ಅಲ್ವೇನ್ರಾ" ಎಂದು ಕೊನೆಯ ಸೀಟಿನ ಕಿಟಕಿ ಪಕ್ಕ ಕುಳಿತ. ಅವನು ಯಾವಾಗಲೂ ಕೂರುತ್ತಿದ್ದುದು ಅಲ್ಲಿಯೇ. ನಡುವೆ ಖಾಲಿ ಸೀಟುಗಳು. ಇಬ್ಬರೂ ಕೂಗಿ ಮಾತಾಡಬೇಕಾಯಿತು.

ಮೊದಲ ಏರು ಬಂತು. ಕಾಲಿಟ್ಟೆ. ವ್ಯಾನು ಒಂದೇ ಸಮನೆ ಹತ್ತಿತು.

"ಏಮಿರಾ ಇದು? ನಮ್ ಗಾಡೀನೇ ಏನ್ಲಾ?"

ಟರ್ಬೊದ ಕಥೆ ಹೇಳಿದೆ: ಇಟ್ಟಿಗೆ ಲಾರಿ, ತಟ್ಟೆ, ಬೇರೆಯವರ ಅಳತೆ. ಅವನು ನಕ್ಕ, ಕೆಮ್ಮು ಬರುವಷ್ಟು ನಕ್ಕ. ಕಣ್ಣೊರೆಸಿಕೊಂಡು, "ಕೇಳ್ದೇನೋ ಟೈಲ್ರು..." ಎಂದು ತನ್ನ ಎದುರಿಗಿದ್ದ, ದರ್ಜಿ ಕೂರುತ್ತಿದ್ದ ಸೀಟಿನ ಬೆನ್ನು ತಟ್ಟಿದ. ಕನ್ನಡಿಯಲ್ಲಿ ನೋಡಿದೆ. ಅವನ ಕೈ ಆ ಸೀಟಿನ ಮೇಲೆಯೇ ಇತ್ತು. ಕುರುಡುಮಲೆ ಬರುವವರೆಗೂ ಅವನು ಅದನ್ನು ತೆಗೆಯಲಿಲ್ಲ.

ದರ್ಶನವಾಯಿತು. ಅವನನ್ನು ಮತ್ತೆ ರಾಯಲ್ಪಾಡಿಗೆ ಕರೆದೊಯ್ದೆ. ಇಳಿದು, ಬಾಗಿಲು ಹಿಡಿದುಕೊಂಡೇ ಒಳಗಿನ ಖಾಲಿ ಸೀಟುಗಳನ್ನು ನೋಡುತ್ತ ನಿಂತ.

"ಗಾಡಿ ಚೆನ್ನಾಗೈತೆ ಕಣೋ. ಆದ್ರೆ ಮುಂದಿನ್ ತಿಂಗ್ಳು ನನ್ನ ಕರ್ಕೊಂಡ್ ಹೋಗೋಕೆ ಬರ್ಬೇಡ."

"ಮಂಡಿಯೇನೋ?"

"ಮಂಡಿ ಅಂತ್ಲೇ ಇಟ್ಕೋ" ಎಂದು ಅವನು ಒಳಗೆ ಹೋದ.

ನಾನು ಒತ್ತಾಯಿಸಲಿಲ್ಲ. ಗಾಡಿ ತಿರುಗಿಸಿ ಹೊರಟೆ. ಮಾವಿನ ತೋಪುಗಳು, ಟೊಮೆಟೊ ಹೊಲಗಳು ಬೇಗ ಬೇಗ ಹಿಂದೆ ಸರಿದವು. ಹೊಗೆಯಿಲ್ಲ, ಸದ್ದಿಲ್ಲ, ಯಾವ ಏರಿನಲ್ಲೂ ವ್ಯಾನು ತಡೆಯಲಿಲ್ಲ. ಮುಳಬಾಗಿಲು ತಲುಪಿದಾಗ ಇನ್ನೂ ಬಿಸಿಲಿತ್ತು. ಸಂಕಷ್ಟಿಯ ಉಪವಾಸ ಬಿಡುವುದು ಚಂದ್ರನನ್ನು ನೋಡಿದ ಮೇಲೆ. ಬೀಗ ತೆಗೆದು, ಕೈಕಾಲು ತೊಳೆದು, ಅಕ್ಕಿ ತೊಳೆದಿಟ್ಟು, ವರಾಂಡದಲ್ಲಿ ಕುರ್ಚಿ ಹಾಕಿಕೊಂಡೆ. ಚಂದ್ರ ಹುಟ್ಟಲು ಇನ್ನೂ ಬಹಳ ಹೊತ್ತಿತ್ತು.