ಅಜ್ಜಿ ಆರಿಸಿದ ಹಣ್ಣು ಹುಳ

ಜಂಗಮಕೋಟೆಯಿಂದ ಸ್ವಲ್ಪ ಒಳಗೆ, ಹಿಪ್ಪುನೇರಳೆ ತೋಟದ ನಡುವೆ, ನನ್ನ ಸೋದರಮಾವನದೊಂದು ಪುಟ್ಟ ಮನೆಯಿದೆ. ಎರಡು ಕೋಣೆ, ಶೀಟಿನ ಸೂರು, ಮುಂದೊಂದು ಹೊಂಗೆ ಮರ. ಪಕ್ಕದಲ್ಲೇ, ಅದಕ್ಕಿಂತ ದೊಡ್ಡದಾಗಿ, ಅದಕ್ಕಿಂತ ತಂಪಾಗಿ, ರೇಷ್ಮೆಹುಳುಗಳ ಮನೆ. ಮನುಷ್ಯರಿಗೆ ಕಿರುಗುಡುವ ಒಂದು ಫ್ಯಾನು. ಹುಳುಗಳಿಗೆ ಒದ್ದೆ ಗೋಣಿಚೀಲದ ಪರದೆ, ಕಿಟಕಿಗೆ ಜಾಲರಿ, ನೆಲಕ್ಕೆ ಹೊತ್ತುಹೊತ್ತಿಗೆ ನೀರು. ಇದು ಯಾವ ಸೀಮೆಯ ನ್ಯಾಯ ಎಂದು ಬಂದ ದಿನವೇ ಕೇಳಿದ್ದೆ.

"ಅವು ದುಡೀತವೆ. ನೀನು ದುಡೀತೀಯಾ?" ಎಂದರು ಅತ್ತೆ, ಮಾವನ ಹೆಂಡತಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಷ್ಟು ಚುಟುಕಾದ ಖಂಡನೆಯನ್ನು ನಾನು ಕೇಳಿರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಪರೀಕ್ಷೆ ಮುಗಿಸಿ ಬೇಸಿಗೆ ಕಳೆಯಲು ಅಲ್ಲಿಗೆ ಹೋಗಿದ್ದೆ. ಹುಳುವಿನ ಮನೆಗೆ ಹೋಗಬೇಕೆಂದರೆ ಕೈಕಾಲನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆಯಬೇಕು. ಅದು ಸರಿ, ರೋಗ ಹರಡುತ್ತದೆ. ಘಾಟಿನ ಸೆಂಟು ಪೂಸಿಕೊಳ್ಳಬಾರದು. ಅದೂ ಸರಿ, ಒಪ್ಪಿದೆ. ಆದರೆ ಹೊರಗಿನವರು ಹುಳು ನೋಡಿದರೆ ದೃಷ್ಟಿ ತಗಲುತ್ತದೆ ಎಂಬಲ್ಲಿ ನಾನು ಕಾಲೂರಿ ನಿಂತೆ. ದೃಷ್ಟಿ ಎಂದರೇನು, ತಗಲಿದ್ದಕ್ಕೆ ಪುರಾವೆ ಏನು, ಮಾವನ ಕಣ್ಣು ತಗಲದೆ ನೆಂಟರ ಕಣ್ಣು ಮಾತ್ರ ತಗಲುವುದು ಹೇಗೆ?

"ಸಾಬೀತು ಮಾಡಕ್ಕೆ ಪುರುಸೊತ್ತಿಲ್ಲಮ್ಮ. ಆ ಸೊಪ್ಪಿನ ಹೊರೆ ಎತ್ಕೊಂಡ್ ಬಾ" ಎಂದರು ಅತ್ತೆ.

ಸೊಪ್ಪು ತಿಂದು ತಿಂದು ಬಲಿತ ಹುಳು ಕೊನೆಗೊಂದು ದಿನ ತಿನ್ನುವುದನ್ನು ಬಿಡುತ್ತದೆ. ಬೆಳ್ಳಗಿದ್ದ ಮೈ ಜೇನಿನ ಬಣ್ಣಕ್ಕೆ ತಿರುಗಿ, ಒಳಗೆ ದೀಪ ಇಟ್ಟಂತೆ ತಿಳಿಯಾಗುತ್ತದೆ. ಅದನ್ನು ಹಣ್ಣು ಹುಳ ಎನ್ನುತ್ತಾರೆ. ಅಂಥವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಯ ಮೇಲೆ ಬಿಟ್ಟರೆ, ಆ ಅಗಲವಾದ ಬಿದಿರು ತಟ್ಟೆಯ ಸುರುಳಿಗಳ ನಡುವೆ ಗೂಡು ಕಟ್ಟುತ್ತವೆ. ಇನ್ನೂ ಹಣ್ಣಾಗದ ಕಾಯಿ ಹುಳುವನ್ನು ಬಿಟ್ಟರೆ ಅದು ಗೂಡು ಕಟ್ಟದೆ ಅಲೆದಾಡಿ, ಹಿಕ್ಕೆ ಹಾಕಿ, ಕಟ್ಟುತ್ತಿರುವವುಗಳ ಗೂಡನ್ನೂ ಕೆಡಿಸುತ್ತದೆ. ಆರಿಸುವುದೇ ಇಡೀ ಬೆಳೆಯ ಜೀವ, ಮತ್ತು ಅದು ಮೊದಲಿನಿಂದಲೂ ಮಾವನ ತಾಯಿ, ನನ್ನ ಅಜ್ಜಿಯ ಕೆಲಸ. ಚಂದ್ರಿಕೆಗೆ ಅರಿಶಿನ ಕುಂಕುಮ ಇಟ್ಟು ಮೊದಲ ಹುಳುವನ್ನು ಬಿಡಬೇಕಾದ್ದು ಅಜ್ಜಿಯ ಕೈಯೇ. ಆಮೇಲೂ ಒಂದು ಚಂದ್ರಿಕೆ ಪೂರ್ತಿ ಅಜ್ಜಿಯ ಪಾಲಿಗೆ.

ತೊಂದರೆ ಏನೆಂದರೆ, ಅಜ್ಜಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಪೊರೆ ತೆಗೆಸಿಯಾಗಿತ್ತು, ಹಿಂದಿನ ನರವೇ ಸೊರಗಿದೆ, ಇನ್ನು ಮಾಡುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದ್ದರು. ಹುಳುವಿನ ಆಕಾರ ಕಾಣುತ್ತಿತ್ತು, ಬಣ್ಣ ಕಾಣುತ್ತಿರಲಿಲ್ಲ.

ಇದು ನನಗೆ ತಿಳಿದದ್ದು ಹುಳು ಹಣ್ಣಾದ ಮೊದಲ ದಿನ. ಅಜ್ಜಿ ಊಟಕ್ಕೆ ಎದ್ದು ಹೋದ ಕೂಡಲೇ ಅತ್ತೆ ಸರಸರ ಬಂದು, ಅಜ್ಜಿಯ ಚಂದ್ರಿಕೆಯಿಂದ ಬೆಳ್ಳನೆಯ ಹುಳುಗಳನ್ನೆಲ್ಲ ಎತ್ತಿ ಮತ್ತೆ ಸೊಪ್ಪಿಗೆ ಬಿಟ್ಟು, ಖಾಲಿಯಾದ ಜಾಗಕ್ಕೆ ತಾವು ಆರಿಸಿದ್ದನ್ನು ಇಟ್ಟರು. ಬೆರಳುಗಳಿಗೆ ರೂಢಿಯಾದ ಕೆಲಸ ಅದು ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ಇದು ಮೋಸ ಅಲ್ವಾ ಅತ್ತೆ?"

"ಮೆತ್ತಗೆ ಮಾತಾಡೇ. ಮೋಸ ಅಂತೆ. ಕೆಲಸ ಕಣೇ ಇದು, ಒಂದಕ್ಕೆರಡು ಕೆಲಸ."

"ಹೇಳಿಬಿಡಬಹುದಲ್ವಾ?"

"ಹೇಳಿ? ಮನೇಲಿ ಕೂರಿಸಿ ಟೀವಿ ಹಾಕಿಕೊಡ್ತೀಯಾ? ಈ ಕೆಲಸ ಬಿಟ್ರೆ ಅವ್ರು ಎದ್ದು ಓಡಾಡೋದು ಯಾತಕ್ಕೆ ಅಂದ್ಕೊಂಡಿದ್ದೀಯ?"

ನಾನು ಬಿಡಲಿಲ್ಲ. ಗೊತ್ತಾಗುವ ಹಕ್ಕು ಅಜ್ಜಿಗಿದೆ ಎಂದೆ. ಅವರ ಬಗ್ಗೆ ಅವರನ್ನು ಬಿಟ್ಟು ನಿರ್ಧರಿಸುವುದು ಮರ್ಯಾದೆಯಲ್ಲ ಎಂದೆ. ಅತ್ತೆ ಗೋಣಿಚೀಲಕ್ಕೆ ನೀರು ಚಿಮುಕಿಸುತ್ತ ಹೋದರು. ಸ್ಪರ್ಧೆಯಾಗಿದ್ದರೆ ಎದುರಾಳಿ ಸುಮ್ಮನಾದಳೆಂದು ಅಂಕ ನನಗೇ ಬರುತ್ತಿತ್ತು. ಆದರೆ ನನ್ನ ಮಾತು ಗೆದ್ದರೆ ಕೆಲಸ ಕಳೆದುಕೊಳ್ಳುವವರು ಅಜ್ಜಿ ಎಂಬುದು ನನಗೂ ಕಾಣುತ್ತಿತ್ತು. ಆದ್ದರಿಂದ ಬಾಯಿ ಮುಚ್ಚಿಕೊಂಡೆ.

ಸಂಜೆ ಹೊಂಗೆ ಮರದಡಿ ಅಜ್ಜಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅಜ್ಜಿ ತಾನಾಗಿಯೇ ಮಾತು ತೆಗೆದಳು.

"ಏನೇ, ನಾನು ಬಿಟ್ಟ ಹುಳ ಜಾಗ ಬದಲಾಯಿಸ್ತವೆ. ಮೂಲೆ ಬಿಟ್ಟು ಬಂದಿರ್ತೀನಿ, ಊಟ ಮಾಡ್ಕೊಂಡ್ ಬಂದ್ರೆ ಮೂಲೆ ತುಂಬಿರ್ತದೆ. ಹಣ್ಣು ಹುಳ ಹಂಗೆ ಓಡಾಡಲ್ಲ."

ನಾನು ಎಣ್ಣೆ ತಿಕ್ಕುತ್ತಲೇ ಇದ್ದೆ.

"ನಿಮ್ಮತ್ತೇನ ಕೇಳಿದ್ರೆ ನಗ್ತಾಳೆ. ನಿಮ್ಮಾವನ್ನ ಕೇಳಿದ್ರೆ ಮೋಟರ್ ಹಾಕ್ಬೇಕು ಅಂತ ಎದ್ದು ಹೋಗ್ತಾನೆ. ನೀನಾದ್ರೆ ದೇವರ ಹತ್ರಾನೂ ಜಗಳ ಆಡೋಳು. ಹೇಳು, ನಾನು ಆರಿಸ್ತಿರೋದು ಸರಿಗೈತಾ?"

ಕಾಲೇಜಿನ ಸ್ಪರ್ಧೆಯಲ್ಲಿ ಚೀಟಿ ಎತ್ತಿದ ಮೇಲೆ ನಾನು ಪರವೋ ವಿರೋಧವೋ ತಿಳಿಯುತ್ತದೆ. ಯಾವ ಕಡೆ ಬಂದರೂ ಮಾತಾಡಬಲ್ಲೆ ಎಂಬ ಜಂಭ ನನಗಿತ್ತು. ಆ ಸಂಜೆ ಕಡೆಯನ್ನು ನಾನೇ ಆರಿಸಬೇಕಿತ್ತು.

"ಇಲ್ಲ ಅಜ್ಜಿ. ತುಂಬ ಕಾಯಿ ಹುಳ ಬರ್ತಾವೆ. ಅತ್ತೆ ತೆಗೆದು ಬೇರೆ ಇಡ್ತಾರೆ."

ಸಿಟ್ಟು ಬಂದರೆ ಅಜ್ಜಿಗೆ ತೆಲುಗು ಬರುತ್ತದೆ. "ಪೋ ಅವತಲಿಕಿ" ಎಂದು ನನ್ನ ಕೈ ತಳ್ಳಿ, ಅರ್ಧ ಎಣ್ಣೆಯ ತಲೆಯಲ್ಲೇ ಎದ್ದು ಒಳಗೆ ಹೋದಳು. ಊಟಕ್ಕೆ ಬರಲಿಲ್ಲ. ಮುದ್ದೆಯನ್ನು ಅತ್ತೆ ಒಳಗೇ ತೆಗೆದುಕೊಂಡು ಹೋದರು, ಹಾಗೆಯೇ ವಾಪಸು ತಂದರು.

ಮರುದಿನ ಹುಳುಗಳು ಒಟ್ಟೊಟ್ಟಿಗೆ ಹಣ್ಣಾದವು. ಮಾವ, ಅತ್ತೆ, ನಾನು ಬೆನ್ನು ಎತ್ತದೆ ಆರಿಸಿದೆವು. ಅಜ್ಜಿಯ ಚಂದ್ರಿಕೆ ಗೋಡೆಗೆ ಒರಗಿಕೊಂಡು ಖಾಲಿ ನಿಂತಿತ್ತು. ಮಾವ ಅದನ್ನೂ ಎಳೆದುಕೊಳ್ಳಲು ಹೋದಾಗ ಅತ್ತೆ, "ಇರ್ಲಿ ಬಿಡಿ, ಜಾಗ ಐತಲ್ಲ" ಎಂದರು. ಜಾಗ ಇರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಬಾಗಿಲಲ್ಲಿ ನೀರಿನ ಸದ್ದಾಯಿತು. ಅಜ್ಜಿ ಕೈಕಾಲು ತೊಳೆದು, ಸೆರಗು ಬಿಗಿದು, ಗೋಡೆ ಹಿಡಿದುಕೊಂಡು ಒಳಗೆ ಬಂದಳು.

"ಎಲ್ಲಿ ನಮ್ಮ ಲಾಯರಮ್ಮ?"

"ಇಲ್ಲಿದೀನಿ ಅಜ್ಜಿ."

"ಪಕ್ಕ ಕೂತ್ಕೋ. ನಾನು ಎತ್ತಿ ಹಿಡೀತೀನಿ, ನೀನು ಹಣ್ಣೋ ಕಾಯೋ ಹೇಳು. ಸುಮ್ಸುಮ್ನೆ ಹೂಂ ಅಂದೀಯ ಮತ್ತೆ. ನಿಮ್ಮತ್ತೆ ಥರ ನಾಟಕ ಬೇಡ."

"ಏನತ್ತೆ, ನಾನೇನ್ ನಾಟಕ ಆಡ್ದೆ" ಎಂದು ಆಚೆಯಿಂದ ಅತ್ತೆಯ ದನಿ ಬಂತು.

"ಮೂರು ಬೆಳೆ ಆಡಿದೀಯ. ಸುಮ್ನೆ ನಿನ್ನ ಕೆಲಸ ನೋಡು."

ಅತ್ತೆ ಅತ್ತ ತಿರುಗಿಕೊಂಡರು. ಹೆಗಲು ಅಲುಗುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ, ನನಗೆ ಪುರಾವೆ ಸಿಗಲಿಲ್ಲ.

ಅಜ್ಜಿ ಬುಟ್ಟಿಯಿಂದ ಒಂದು ಹುಳು ಎತ್ತಿದಳು.

"ಕಾಯಿ" ಎಂದೆ.

"ಹೆಂಗೆ?"

"ಬೆಳ್ಳಗಿದೆ."

"ಮೈ ಕುಗ್ಗೈತೆ, ಹಣ್ಣೇ ಇದು. ಬೆರಳಿಗೆ ಗೊತ್ತಾಗ್ತೈತೆ."

"ಕುಗ್ಗಿಲ್ಲ ಅಜ್ಜಿ, ನೀನು ಅಮುಕಿ ಹಿಡಿದಿದೀಯ."

"ನಾನಾ? ಹುಳ ಅಮುಕೋ ಕೈಯಾ ಇದು?"

ಹಾಗೆ ಶುರುವಾದದ್ದು ನಿಲ್ಲಲೇ ಇಲ್ಲ. ಪ್ರತಿ ಹುಳುವಿಗೂ ಒಂದು ವಾದ. ಎಷ್ಟೋ ಸಲ ಅಜ್ಜಿಯದೇ ಸರಿ. ನೆರಳಲ್ಲಿ ನನಗೆ ಬಿಳಿಯಾಗಿ ಕಂಡದ್ದು ಕಿಟಕಿಗೆ ಹಿಡಿದಾಗ ಜೇನಿನ ಬಣ್ಣಕ್ಕಿರುತ್ತಿತ್ತು. ಎಷ್ಟೋ ಸಲ ನನ್ನದು. ಇಬ್ಬರೂ ಮಾಡಿದ್ದು ಒಬ್ಬರ ಕೆಲಸದಷ್ಟೂ ಆಗಲಿಲ್ಲ. ಮಾವ ಎರಡು ಚಂದ್ರಿಕೆ ತುಂಬಿಸಿ ಎದ್ದಾಗ ನಮ್ಮದು ಅರ್ಧಕ್ಕಿತ್ತು. "ಇವರಿಬ್ರಿಗೂ ಬಿಟ್ರೆ ಹುಳ ಚಿಟ್ಟೆಯಾಗಿ ಹಾರೋಗ್ತವೆ" ಎಂದು ಮಾವ ಹೊರಗೆ ಹೋದರು.

ಒಂದು ಹುಳುವಿನ ಮೇಲೆ ಮಾತ್ರ ಇಬ್ಬರೂ ಪಟ್ಟು ಬಿಡಲಿಲ್ಲ. ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತಿದೆ, ಹಣ್ಣೇ ಎಂದಳು ಅಜ್ಜಿ. ಹಸಿವಿಗೂ ತಲೆ ಎತ್ತಬಹುದು ಎಂದೆ.

"ಸರಿ, ಒಂದೆಲೆ ತತ್ತಾ" ಎಂದಳು.

ಹಣ್ಣಾಗಿದ್ದರೆ ಅದು ಎಲೆ ಮುಟ್ಟುವುದಿಲ್ಲ. ಎಳೆಯ ಎಲೆಯೊಂದನ್ನು ಅಜ್ಜಿಯ ಅಂಗೈ ಮೇಲಿಟ್ಟು, ಹುಳುವನ್ನು ಅದರ ಮೇಲೆ ಬಿಟ್ಟೆವು. ಅಜ್ಜಿ ಅಂಗೈಯನ್ನು ಮುಖದ ಹತ್ತಿರಕ್ಕೆ ತಂದುಕೊಂಡು ಕಾದಳು. ನಾನೂ ಬಗ್ಗಿದೆ. ನಮ್ಮಿಬ್ಬರ ಹಣೆ ತಾಗುವಷ್ಟು ಹತ್ತಿರವಿತ್ತು. ಹುಳು ಎಲೆಯ ಅಂಚನ್ನು ಮುಟ್ಟಿ ನೋಡಿತು, ಆಚೆ ಹೋಯಿತು, ಮರಳಿ ಬಂತು. ಅದು ತಿನ್ನದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ, ನನ್ನ ವಾದಕ್ಕೆ ವಿರುದ್ಧವಾಗಿ.

"ತಿಂತೈತಾ?"

ಎಲೆಯ ಅಂಚಿನಲ್ಲಿ ಸಣ್ಣದೊಂದು ಕಚ್ಚು ಮೂಡಿತ್ತು.

"ತಿಂತಿದೆ ಅಜ್ಜಿ."

ಅಜ್ಜಿ, "ತಿನ್ಲಿ ಬಿಡು. ಹಸಿದೈತೆ ಪಾಪ" ಎಂದು ಎಲೆಯ ಸಮೇತ ಅದನ್ನು ನನ್ನ ಕೈಗೆ ದಾಟಿಸಿ, ಬುಟ್ಟಿಯೊಳಗೆ ಬೆರಳಾಡಿಸಿ ಇನ್ನೊಂದನ್ನು ಎತ್ತಿದಳು.

"ಇದು?"